ಪೆಟ್ಟಾದ ಹಣ್ಣು ಯಾರ ಪಾಲು

ಮೊನ್ನೆ ಕಪನೂರಿನಲ್ಲಿ ಲಾರಿಯ ಬಾಗಿಲು ತೆಗೆದೆನೋ ಇಲ್ಲವೋ, ಕೆಂಪು ಬಾಳೆಹಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಕಮಲಾಪುರದ ಆ ಹಣ್ಣಿನ ವಾಸನೆ ಬಲು ಹಟಮಾರಿ. ಡೀಸೆಲ್ಲು, ಬೆವರು, ಬಿಸಿಲಿಗೆ ಕಾದ ಸೀಟು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ತಾನೇ ಕೂತುಬಿಡುತ್ತದೆ. ಸೀಟಿನ ಹಿಂದಿನ ಮೊಳೆಗೆ ತೂಗಿದ್ದ ಚಿಪ್ಪನ್ನು ಇಳಿಸಿ ನೋಡಿದೆ. ಒಂದು ಹಣ್ಣಿಗೆ ಪೆಟ್ಟಾಗಿತ್ತು. ನನ್ನ ಹತ್ತಿರ ಲಾರಿ ಕಲಿಯಲು ಬಂದವನು ಪಕ್ಕದಲ್ಲೇ ನಿಂತಿದ್ದ, ಆಟೊ ಬಿಟ್ಟು ಬಂದ ಮೂರು ಮಕ್ಕಳ ತಂದೆ. ಪೆಟ್ಟಾದ ಹಣ್ಣನ್ನು ಕಲಿಯುವವನೇ ತಿನ್ನಬೇಕು ಅನ್ನುವುದು ನಮ್ಮ ಕಾನೂನು. ಅವನು ಕೈ ಚಾಚಿದ. ನಾನು ಹಣ್ಣು ಕೊಡಲಿಲ್ಲ, ಹಾಗೇ ನೋಡುತ್ತ ನಿಂತುಬಿಟ್ಟೆ...

ಆ ಕಾನೂನು ಮಾಡಿದವರು ನನ್ನ ಉಸ್ತಾದರು. ಕಲಬುರಗಿಯ ಮೋಮಿನಪುರದವರು. ಮೂವತ್ತು ವರ್ಷ ಲಾರಿ ಹೊಡೆದ ಮೇಲೆ ಅವರಿಗೆ ಹೊಸಬರನ್ನು ತಯಾರು ಮಾಡುವ ಕೆಲಸ ಗಂಟುಬಿದ್ದಿತ್ತು. ಸ್ಟೇರಿಂಗ್ ಮುಂದೆ ಕೂರುವ ಮೊದಲು ಚಪ್ಪಲಿ ಕಳಚಿ ಸೀಟಿನ ಕೆಳಗೆ ಜೋಡಿಸಿ ಇಡುತ್ತಿದ್ದರು. ಬರಿಗಾಲಿಗೆ ಮಾತ್ರ ಎಂಜಿನ್ನಿನ ಮಾತು ತಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಬೇಸಿಗೆಯಲ್ಲಿ ಪೆಡಲ್ಲು ಹೆಂಚಿನ ಹಾಗೆ ಕಾದಿರುತ್ತಿತ್ತು, ಆದರೂ ನಂಬಿಕೆ ಬಿಟ್ಟವರಲ್ಲ.

ನಾನು ಕುಸನೂರಿನವನು, ಒಕ್ಕಲುತನದ ಮನೆಯವನು. ಆಗ ಇಪ್ಪತ್ತಾರು ವಯಸ್ಸು, ಮದುವೆಯಾಗಿ ಆರು ತಿಂಗಳು. ಎಂಟು ವರ್ಷ ಟ್ರ್ಯಾಕ್ಟರ್ ಹೊಡೆದಿದ್ದೆ, ಹಾಗಾಗಿ ತಲೆ ಆಕಾಶದಲ್ಲಿತ್ತು. ಕಪನೂರಿನ ಬೇಳೆ ಮಿಲ್ಲಿನಿಂದ ಹೈದರಾಬಾದಿಗೆ, ನಾಗಪುರಕ್ಕೆ ತೊಗರಿಬೇಳೆ ಒಯ್ಯುವ ಲಾರಿಗಳ ಮಾಲೀಕರು ನನ್ನನ್ನು ನೋಡಿ ಒಂದೇ ಮಾತು ಹೇಳಿದ್ದರು. ಒಂದು ತಿಂಗಳು ಉಸ್ತಾದರ ಜೊತೆ ತಿರುಗು, ಅವರು ಹೂಂ ಅಂದರೆ ಹೊಸ ಲಾರಿ ನಿನ್ನ ಕೈಗೆ, ಉಹುಂ ಅಂದರೆ ನಿನ್ನ ಟ್ರ್ಯಾಕ್ಟರ್ ನಿನಗೆ. ನಾನೋ, ಹೂಂ ಅನ್ನಿಸಿಕೊಂಡೇಬಿಟ್ಟವನ ಹಾಗೆ ಊರೆಲ್ಲ ಡಂಗುರ ಸಾರಿಬಿಟ್ಟೆ. ಮಾವನ ಮನೆಗೂ ಹೋಗಿ, ಮುಂದಿನ ತಿಂಗಳು ನಿಮ್ಮ ಓಣಿಗೆ ಲಾರಿ ತರುತ್ತೇನೆ ಅಂದು ಬಂದೆ.

ಮೊದಲ ದಿನವೇ ನನ್ನ ಎಂಟು ವರ್ಷ ನೆಲಕ್ಕಿಳಿಯಿತು. ಡಬಲ್ ಕ್ಲಚ್ ಒತ್ತದಿದ್ದರೆ ಗೇರು ಬೀಳುತ್ತಿರಲಿಲ್ಲ, ಹಲ್ಲು ಕಡಿಯುತ್ತಿತ್ತು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಹೆಗಲು ಸೋತು, ಸಂಜೆ ಊಟದ ತುತ್ತು ಎತ್ತಲು ಆಗಲಿಲ್ಲ. ಉಸ್ತಾದರು ಬೈಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಅಂದರು, "ಏ ಟ್ರ್ಯಾಕ್ಟರ್ ಗೌಡಾ, ಹಿಂದ ಬೇಳಿ ಅದ. ಹೊಲ ಹೊಡ್ಯಾಕತ್ತಿಲ್ಲ ನೀ." ಅಂದಿನಿಂದ ನನಗೆ ಅದೇ ಹೆಸರು.

ಗಾಡಿ ಓಡಿಸುವುದು ಕಷ್ಟ ಅಂದುಕೊಂಡಿದ್ದೆ. ನಿಲ್ಲಿಸಿಕೊಂಡು ಕೂರುವುದು ಅದಕ್ಕಿಂತ ಕಷ್ಟ ಅಂತ ಎರಡನೇ ವಾರಕ್ಕೆ ಗೊತ್ತಾಯಿತು. ಇಡೀ ಹಗಲು ಓಡಿ ಹೈದರಾಬಾದ್ ಮುಟ್ಟಿದರೆ, ಮಾಲು ಇಳಿಸಲು ಎರಡು ದಿನ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಸರದಿ ಬಂತು ಅನ್ನುವಾಗ ಹಮಾಲರು ಊಟಕ್ಕೆ ಎದ್ದಿರುತ್ತಾರೆ. ಚೆಕ್‌ಪೋಸ್ಟಿನಲ್ಲಿ ಎಲ್ಲ ಕಾಗದ ಇದ್ದರೂ ಅವರು ಕೇಳುವ ಕಾಗದ ಇರುವುದಿಲ್ಲ. ತಾಡಪತ್ರಿ ಹೊದಿಸಿ ಹಗ್ಗ ಬಿಗಿದು ಕೈ ಝಾಡಿಸುವಷ್ಟರಲ್ಲಿ ಒಳಗಿನ ಒಂದು ಚೀಲ ಎಣಿಸಲು ಮತ್ತೆ ಬಿಚ್ಚು ಅನ್ನುತ್ತಾರೆ. ಇಷ್ಟೆಲ್ಲ ಆಗಿ ಢಾಬಾದಲ್ಲಿ ಕೂತರೆ, ದಾರಿಯುದ್ದಕ್ಕೂ ಬೇಳೆ ಹೊತ್ತವರ ತಟ್ಟೆಗೂ ಬೇಳೆಯೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಸ್ತಾದರು ಲಾರಿಯ ನೆರಳಿನಲ್ಲಿ ಚಾಪೆ ಹಾಸಿ, "ಸಿಟ್ಟು ಬಂದವ ಗಾಡಿ ಮುಟ್ಟಬಾರ್ದು ನೋಡು" ಅನ್ನುತ್ತ ಮಲಗಿಬಿಡುತ್ತಿದ್ದರು.

ಹಾಗಂತ ಸುಖವಿರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಒಂದು ಬೆಳಿಗ್ಗೆ ಹುಮನಾಬಾದಿನ ಕಡೆಯ ಏರಿನಲ್ಲಿ ತುಂಬಿದ ಲಾರಿಯ ಗೇರು ಒಂದು ಸದ್ದೂ ಇಲ್ಲದೆ ಕೆಳಗೆ ಬಿತ್ತು. ಎಂಜಿನ್ ದನಿ ಬದಲಿಸಿತು, ಅಷ್ಟು ದೊಡ್ಡ ಗಾಡಿ ನನ್ನ ಮಾತು ಕೇಳಿ ಏರು ಹತ್ತತೊಡಗಿತು. ಎದೆ ಹೇಗೆ ಹೊಡೆದುಕೊಂಡಿತು ಅಂತೀರಿ... ನಾನು ಸಂತೋಷಕ್ಕೆ ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ. ಉಸ್ತಾದರು ನಕ್ಕು ತಾವೂ ಕೈ ಚಾಚಿ ಒಂದು ಸಲ ಹೊಡೆದರು.

ಇನ್ನು ಹಣ್ಣಿನ ಪರೀಕ್ಷೆ. ವಾಪಸು ಬರುವಾಗ ಕಮಲಾಪುರದಲ್ಲಿ ಪೂರಾ ಮಾಗಿದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಂಡು ಸೀಟಿನ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಅಲ್ಲಿಂದ ಕಪನೂರಿನವರೆಗೆ ಸ್ಟೇರಿಂಗ್ ನನ್ನದು. ಬ್ರೇಕು ಜೋರಾಗಿ ಒತ್ತಿದರೆ, ಗುಂಡಿ ನೋಡದೆ ಇಳಿಸಿದರೆ ಹಣ್ಣು ಹೋಗಿ ತಗಡಿಗೆ ಬಡಿಯುತ್ತಿತ್ತು. ಮಾಗಿದ ಹಣ್ಣು, ಕಪನೂರು ಮುಟ್ಟುವ ಹೊತ್ತಿಗೆ ಪೆಟ್ಟಾದ ಕಡೆ ಮೆತ್ತಗಾಗಿ ಕಪ್ಪಾಗಿರುತ್ತಿತ್ತು. ಪೆಟ್ಟಾದದ್ದು ನನಗೆ, ಚಲೋ ಇದ್ದದ್ದು ಉಸ್ತಾದರ ಮನೆಗೆ. ಒಂದು ಸಲವಾದರೂ ಇಡೀ ಚಿಪ್ಪು ಮೋಮಿನಪುರಕ್ಕೆ ಹೋದರೆ ನಾನು ಪಾಸು. ಮೊದಲೆರಡು ಸಲ ಚಿಪ್ಪಿಗೆ ಚಿಪ್ಪೇ ನನ್ನ ಹೊಟ್ಟೆಗೆ ಬಿತ್ತು. ಮನೆಯಲ್ಲಿ ಊಟ ಬೇಡವೆಂದರೆ, ಹೊರಗೆ ಏನು ತಿಂದು ಬಂದಿರಿ ಅಂತ ಹೆಂಡತಿ ಕೇಳುತ್ತಿದ್ದಳು. ಹೇಳಲು ನಾಚಿಕೆಯಾಗುತ್ತಿತ್ತು.

ತಿಂಗಳ ಕೊನೆಯ ಟ್ರಿಪ್ಪು ಬಂತು. ಅವತ್ತು ಹಣ್ಣು ತಪ್ಪಿದರೆ ಟ್ರ್ಯಾಕ್ಟರೇ ಗತಿ. ಕಮಲಾಪುರದಲ್ಲಿ ಲಾರಿಯ ಮೂತಿಯನ್ನು ಹಣ್ಣಿನ ಅಂಗಡಿಗಳ ಮುಂದಿನ ಜಾಗಕ್ಕೆ ನುಗ್ಗಿಸಿ ನಿಲ್ಲಿಸಿದ್ದೆ. ಚಿಪ್ಪು ಮೊಳೆಗೇರಿತು. ಇನ್ನು ರಿವರ್ಸಿನಲ್ಲಿ ರಸ್ತೆ ದಾಟಿಸಿ, ಆಚೆ ಬಯಲಿಗೆ ಹಿಂಭಾಗ ಇಳಿಸಿ, ಮೂತಿ ಕಲಬುರಗಿಯ ಕಡೆ ತಿರುಗಿಸಬೇಕು. ಉಸ್ತಾದರು ಹಿಂದೆ ನಿಂತು ಎಂದಿನಂತೆ "ಆನೇ ದೋ... ಆನೇ ದೋ..." ಅನ್ನುತ್ತಿದ್ದರು. ಬರಲಿ ಬರಲಿ ಅಂತ. ಸಾಕು, ನಿಲ್ಲಿಸು ಅನ್ನಲು ಅವರ ಮಾತು "ಬಸ್". ಇಡೀ ತಿಂಗಳು ಬಸ್ ಅಂದರೆ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಲಾರಿಯ ಅರ್ಧ ರಸ್ತೆ ದಾಟಿರಬೇಕು, ಹಿಂದಿನಿಂದ ಜೋರಾಗಿ ಕೂಗು ಕೇಳಿತು. "ಬಸ್, ಬಸ್." ನಾನು ಎರಡೂ ಕಾಲಿನ ಬಲ ಹಾಕಿ ಒತ್ತಿದೆ. ಲಾರಿ ರಸ್ತೆಗೆ ಅಡ್ಡಲಾಗಿ ಕೀಲು ಹೊಡೆದಂತೆ ನಿಂತಿತು.

ಉಸ್ತಾದರು ಹೇಳಿದ್ದು ಆ ಬಸ್ಸಲ್ಲ. ಹುಮನಾಬಾದಿನ ಕಡೆಯಿಂದ ನಿಜವಾದ ಬಸ್ಸೇ ಬರುತ್ತಿತ್ತು. ಬೇಗ ಹಿಂದೆ ತೆಗೆದುಕೊಂಡು ರಸ್ತೆ ಬಿಡು ಅನ್ನುವ ಅವಸರದಲ್ಲಿ ಆ ಪದ ಬಾಯಿಗೆ ಬಂದಿತ್ತು. ಬಸ್ಸು ಕಿರ್ರೆಂದು ಬಂದು ನನ್ನ ಬಾಗಿಲಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಬೆನ್ನ ಹಿಂದೆ ಚಿಪ್ಪು ಧಡ್ ಎಂದು ಬಡಿದದ್ದು ಅದಕ್ಕೂ ಮೊದಲೇ ಕೇಳಿಸಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಪುಣ್ಯ. ಬಸ್ಸಿನಲ್ಲಿದ್ದವರೆಲ್ಲ ಇಳಿದರು. ಬಸ್ಸಿನ ಡ್ರೈವರ್ ನನ್ನ ವಂಶವನ್ನೆಲ್ಲ ನೆನೆಯತೊಡಗಿದ. ಉಸ್ತಾದರು ನಡುವೆ ಬಂದು ಎರಡೂ ಕೈ ಜೋಡಿಸಿದರು.

"ಅವಂಗ ಅನಬ್ಯಾಡ್ರಿ. ನಾ ಹೇಳಿದ್ದೇ ಅವ ಮಾಡ್ಯಾನ. ತಪ್ಪು ನನ್ನ ಬಾಯಿದು ಅದ."

ಅಷ್ಟು ಜನರ ಮುಂದೆ, ಆ ವಯಸ್ಸಿನವರು, ನನ್ನಂಥವನಿಗಾಗಿ ಕೈ ಜೋಡಿಸಿ ನಿಂತಿದ್ದರು. ನನಗೆ ಅಳು ಬಂತು. ಸ್ಟೇರಿಂಗಿನ ಮೇಲೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡೆ.

ಕಪನೂರಿನವರೆಗೆ ನಾನು ಹಿಂತಿರುಗಿ ಹಣ್ಣು ನೋಡುವ ಧೈರ್ಯ ಮಾಡಲಿಲ್ಲ. ಮಾವನ ಮನೆಗೆ ಯಾವ ಮುಖ ತೋರಿಸಲಿ ಅಂತಲೇ ಯೋಚನೆ. ಮಿಲ್ಲಿನ ಮುಂದೆ ನಿಲ್ಲಿಸಿದಾಗ ಉಸ್ತಾದರು ಚಿಪ್ಪು ಇಳಿಸಿ ಒಂದೊಂದೇ ಹಣ್ಣು ತಿರುಗಿಸಿ ನೋಡಿದರು. ತಗಡಿನ ಕಡೆಗಿದ್ದ ಒಂದು ಮಾತ್ರ ಕಪ್ಪಾಗಿತ್ತು. ಅಭ್ಯಾಸದಂತೆ ನಾನು ಕೈ ಚಾಚಿದೆ. ಅವರು ನನ್ನ ಕೈ ಸರಿಸಿ ತಾವೇ ಸುಲಿದು ಬಾಯಿಗೆ ಹಾಕಿಕೊಂಡರು.

"ಇದು ನಂದು" ಅಂದರು. "ಬಾಕಿ ಎಲ್ಲಾ ನಮ್ಮ ಮನಿಗೆ ಒಯ್ದು ಕೊಡು, ಹೋಗು ಗೌಡಾ."

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಚಿಪ್ಪು ಎದೆಗವಚಿಕೊಂಡು ಸೈಕಲ್ ತುಳಿದ ತುಳಿತ ಏನು ಹೇಳಲಿ! ಮೋಮಿನಪುರದ ಓಣಿಯಲ್ಲಿ ಎದುರಾದವರೆಲ್ಲರಿಗೂ ಸಲಾಂ ಹೊಡೆದೆ, ಗುರುತಿದ್ದವರಿಗೂ ಇಲ್ಲದವರಿಗೂ. ಉಸ್ತಾದರ ಹೆಂಡತಿ, ನಮಗೆಲ್ಲ ಅಮ್ಮ, ಬಾಗಿಲಿಗೆ ಬಂದು, ಹಣ್ಣು ನೋಡಿ, "ಅಂತೂ ಬಂತಲ್ಲಪ್ಪಾ" ಅಂದರು. ಮರುದಿನ ಮಾಲೀಕರು ಹೊಸ ಲಾರಿಯ ಕೀಲಿ ಕೊಟ್ಟರು. ಅವತ್ತಿನಿಂದ ಉಸ್ತಾದರ ಲಾರಿಯಲ್ಲಿ "ಬಸ್" ಅನ್ನುವ ಪದ ಬಂದ್ ಆಯಿತು. ಮೂವತ್ತು ವರ್ಷದ ಅಭ್ಯಾಸ ಬಿಟ್ಟು ಅವರು ನಿಲ್ಲಿಸಲು "ಸಾಕು" ಅನ್ನತೊಡಗಿದರು.

ಆಮೇಲೆ ಎಷ್ಟೋ ವರ್ಷ, ಕಮಲಾಪುರ ದಾಟಿ ಬಂದಾಗಲೆಲ್ಲ ಒಂದು ಚಿಪ್ಪು ಮೋಮಿನಪುರಕ್ಕೆ ಮುಟ್ಟಿಸಿಯೇ ನಾನು ಕುಸನೂರಿಗೆ ಹೋಗುತ್ತಿದ್ದೆ. ಅಮ್ಮ ಮೊದಲು ತೀರಿಹೋದರು. ಉಸ್ತಾದರು ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಬೆರಳಿನಿಂದಲೇ ಹಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಪೆಟ್ಟೆಲ್ಲಿ ಅಂತ. ಸಿಗಲಿಲ್ಲ. ಒಂದನ್ನು ಕಿವುಚಿ ಚಮಚದಲ್ಲಿ ತಿನ್ನಿಸಿದೆ. ಎರಡು ಚಮಚ ತಿಂದು ಕೈ ಎತ್ತಿ "ಬಸ್" ಅಂದರು. ಅಂದವರು ತಡೆದರು. ನನ್ನ ಮುಖ ನೋಡಿ ಸಣ್ಣಗೆ ನಕ್ಕು "ಸಾಕು" ಅಂತ ತಿದ್ದಿಕೊಂಡರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು...

ಈಗ ಕಲಿಸುವ ಕೆಲಸ ನನಗೆ ಗಂಟುಬಿದ್ದಿದೆ. ಮೊನ್ನೆ ಬೆಳಿಗ್ಗೆ ಕಮಲಾಪುರದಲ್ಲಿ ಅದೇ ಹಣ್ಣಿನ ಅಂಗಡಿಗಳ ಮುಂದೆ ನಾನು ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದೆ. ಕಿವಿಯಲ್ಲಿ ಮೊಬೈಲ್ ಇತ್ತು, ಲಾರಿ ಯಾವಾಗ ಬರುತ್ತದೆ ಅಂತ ಮಿಲ್ಲಿನವರ ಕಾಟ. ಆ ಮಾತಿನ ಗದ್ದಲದಲ್ಲಿ ಸಾಕು ಅನ್ನುವುದು ತಡವಾಯಿತು. ಕಲಿಯುವವನು ತಾನೇ, ಆಚೆ ಬಯಲಿಗೆ ಈಗ ಕಟ್ಟಿರುವ ಗೋಡೆಯನ್ನು ಕನ್ನಡಿಯಲ್ಲಿ ಕಂಡು ಗಕ್ಕನೆ ಬ್ರೇಕು ಒತ್ತಿದ್ದ. ಹಣ್ಣಿಗೆ ಪೆಟ್ಟು ಬಿದ್ದದ್ದು ಆಗಲೇ.

ಚಾಚಿದ ಅವನ ಕೈ ಸರಿಸಿ, ಹಣ್ಣು ಸುಲಿದು ನಾನೇ ತಿಂದೆ. "ಇದು ನಂದಪ್ಪಾ" ಅಂದೆ. ಅವನು ಕಣ್ಣು ಕಣ್ಣು ಬಿಟ್ಟು ನೋಡಿದ. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ, ಈ ಸುದ್ದಿ ಉಸ್ತಾದರಿಗೆ ಈಗಲೇ ಹೇಳಬೇಕು ಅನ್ನಿಸಿಬಿಟ್ಟಿತ್ತು.

"ಬಾಕಿ ಹಣ್ಣು ಎಲ್ಲಿಗ್ರಿ?" ಅಂದ ಅವನು.

"ಮೋಮಿನಪುರಕ್ಕ" ಅಂದುಬಿಟ್ಟೆ.

ಅವನು ಆಗಲೇ ಚಿಪ್ಪು ಚೀಲಕ್ಕೆ ಹಾಕಿಕೊಂಡು, "ಯಾರ ಮನಿಗ್ರಿ?" ಅಂತ ಕೇಳಿದ. ಮೋಮಿನಪುರದ ಆ ಬಾಗಿಲಿಗೆ ಬೀಗ ಬಿದ್ದು ವರ್ಷವಾಗಿದೆ. ನನಗೆ ಗೊತ್ತಿಲ್ಲದ್ದೇನಲ್ಲ. ಚೀಲದ ಬಾಯಿ ಕಟ್ಟಿ ಅವನ ಹೆಗಲಿಗೇರಿಸಿದೆ.

"ನಿನ್ನ ಮನಿಗೇ ಒಯ್ಯಿ" ಅಂದೆ. "ನೀ ಪಾಸಾದಿ."