ಮುದ್ದೆ ಮುಗಿಯುವ ತನಕ

ಬೆಳಿಗ್ಗೆ ಹಾಲು ಕಾಯಿಸಿದೆ, ತೊಟ್ಟಿಗೆ ನೀರು ತುಂಬಿಸಿದೆ, ಕೋಳಿಗಳಿಗೆ ಕಾಳು ಹಾಕಿ ಬೀಗದ ಕೈ ಪಕ್ಕದ ಮನೆಗೆ ಕೊಟ್ಟೆ. ಅತ್ತೆಯ ಜೊತೆ ಮಧುಗಿರಿಯಿಂದ ಹುಲಿಕುಂಟೆಗೆ, ನಾದಿನಿಯ ಮನೆಗೆ ಹೊರಟಿದ್ದು. ಶಿರಾದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿನ ಮೀನಿನೂಟದ ಹಳೇ ಹೋಟೆಲನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಮುದುಕಿಯಾದವರು ನಮ್ಮತ್ತೆ. ಇವತ್ತು ಒಳಗೇ ಕರೆದುಕೊಂಡು ಹೋದೆ.

ಅಮೃತಶಿಲೆಯ ಮೇಜು, ಬೆತ್ತ ಹೆಣೆದ ಕುರ್ಚಿ, ಆಳೆತ್ತರದ ಕನ್ನಡಿ, ಅಜ್ಜನ ಕಾಲದ ಗಡಿಯಾರ. ಅತ್ತೆ ಕುರ್ಚಿಯ ತುದಿಯಲ್ಲೇ ಕೂತರು. ಮುದ್ದೆ, ಮೀನಿನ ಸಾರು, ಹುರಿದ ಅಂಜಲ್ ಮೀನು ಬಂತು. ಮುಳ್ಳು ಗಂಟಲಿಗೆ ಹೋದೀತೆಂದು ನಮ್ಮ ಮನೆಯಲ್ಲಿ ಮುದ್ದೆ ನುಂಗುವಾಗ ಬರೀ ಸಾರು, ಮೀನು ಮುಟ್ಟುವುದಿಲ್ಲ, ಅದು ಕೊನೆಗೆ. ಅತ್ತೆ ಅಂಜಲ್ ತಟ್ಟೆಯನ್ನು ಅಂಚಿಗೆ ಸರಿಸಿದರು. ಬಿಳಿ ಕೋಟಿನ ಸಪ್ಲೈಯರ್ ಬೇಡವೇನೋ ಅಂದುಕೊಂಡು ಎತ್ತಿಕೊಂಡು ಹೋಗಿಯೇಬಿಟ್ಟರು. ಅತ್ತೆಯ ಬಾಯಲ್ಲಿ ಮುದ್ದೆ, ಕೂಗಲೂ ಆಗಲಿಲ್ಲ.

ನುಂಗಿಕೊಂಡು, "ಇಂಥ ದೊಡ್ಡ ಹೋಟ್ಲಲ್ಲಿ ಹೆಂಗೆ ಕೇಳದು? ಬುಡು ಕಣಮ್ಮ" ಅಂದರು. ಕಣ್ಣು ಮಾತ್ರ ಅಡುಗೆಮನೆ ಬಾಗಿಲಲ್ಲೇ ಇತ್ತು. ನಾನೇ ಸಪ್ಲೈಯರನ್ನು ಕರೆದು ವಿಷಯ ಹೇಳಿದೆ.

"ಅಯ್ಯೋ ಅಮ್ಮ, ಆರಿ ಹೋಗ್ತದಲ್ಲ! ನಮ್ಮ ಕಡಲ ಕಡೆ ಮೀನೇ ಮೊದ್ಲು ಮಾರಾಯ್ರೆ."

"ನಿಮ್ ಕಡೆ ಮುದ್ದೆ ಐತೇನಪ್ಪ?" ಅಂದರು ಅತ್ತೆ.

ಸಪ್ಲೈಯರ್ ನಕ್ಕುಬಿಟ್ಟರು. ಬೇರೆ ಮೀನು ಬಿಸಿಬಿಸಿ ಹುರಿಸಿ ತಂದು, ಅತ್ತೆಯ ಕೊನೇ ತುತ್ತು ಇಳಿಯುವ ತನಕ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತರು.

"ಈಗ ಇಡ್ಲಾ ಅಮ್ಮ?"

"ಈಗ ಇಡಪ್ಪ."

ಹುಲಿಕುಂಟೆಯಲ್ಲಿ ರಾತ್ರಿ ನಾವೆಲ್ಲ ಉಂಡಿದ್ದು ಅನ್ನ, ಹುರುಳಿಕಾಳಿನ ಸಾರು. "ಬಾಯಿ ರುಚಿ ಕೆಡಿಸ್ಬೇಡ್ರಿ" ಅಂದು ಊಟ ಬಿಟ್ಟ ಅತ್ತೆ, ಅಂಗೈ ಮೂಸುತ್ತಾ ಎಲ್ಲರಿಗಿಂತ ಮೊದಲೇ ನಿದ್ದೆ ಹೋದರು.