ಅಂಕಲ್ ಹೆಸರು ಬಿಟ್ಟ ಕೇಸು

ನನ್ನ ಗಂಡ ಸೀಟ್ ಬೆಲ್ಟಿನ ವಿಷಯದಲ್ಲಿ ಭಾರೀ ಶಿಸ್ತಿನ ಮನುಷ್ಯ. ಕಾರಿನ ಪಕ್ಕದ ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟರೂ ಅದಕ್ಕೊಂದು ಬೆಲ್ಟ್ ಹಾಕುತ್ತಿದ್ದರು. ನಾನು ನಗುತ್ತಿದ್ದೆ. ಅವರ ಮಂಡಿ ಆಪರೇಷನ್ ಆದ ಮೇಲೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಯ ಮೆಟ್ಟಿಲಿಗೆ, ಕೂತರೆ ಹಳಿಯ ಮೇಲೆ ಹತ್ತಿಳಿಸುವ ಲಿಫ್ಟ್ ಕುರ್ಚಿ ಹಾಕಿಸಿದ್ದೆವು. ಒಂದು ದಿನ ಅದು ಅರ್ಧದಲ್ಲಿ ಜಾರಿತು. ನಾನು ಆಫೀಸಿನಲ್ಲಿದ್ದೆ. ತಲೆಗೆ ಪೆಟ್ಟಾಗಿ ಅವರು ಉಳಿಯಲಿಲ್ಲ.

ಕುರ್ಚಿಯ ಬೆಲ್ಟ್ ಹಾಕಿರಲಿಲ್ಲ, ತಪ್ಪು ಅವರದೇ ಎಂದು ಕುರ್ಚಿ ತಯಾರಿಸಿದ ಓಹಾಯೋದ ಕಂಪನಿ ಕಾಗದ ಬರೆಯಿತು. ನನಗೆ ಮೈಯೆಲ್ಲ ಉರಿಯಿತು. ತಪ್ಪು ಅವರದಲ್ಲ ಎಂದು ಜ್ಯೂರಿಯ ಮುಂದೆ ನಿಂತು ಹೇಳಬೇಕಿತ್ತು, ಅಷ್ಟೇ.

ಕೇಸು ಹಾಕಲು ಹೋದಾಗ ಲಾಯರ್ ಬಿಡಿಸಿ ಹೇಳಿದರು: ಕುರ್ಚಿ ಕೂರಿಸಿದವರ ಹೆಸರನ್ನೂ ಸೇರಿಸೋಣ, ನಿಮ್ಮ ಹಾಗೆ ಅವರೂ ನ್ಯೂಜೆರ್ಸಿಯವರೇ, ಅವರಿದ್ದರೆ ಕೇಸು ಸ್ಟೇಟ್ ಕೋರ್ಟಿನಲ್ಲೇ ಉಳಿಯುತ್ತದೆ. ಬರೀ ಹೊರರಾಜ್ಯದ ಕಂಪನಿಯಾದರೆ ಫೆಡರಲ್ ಕೋರ್ಟಿಗೆ ಎಳೆದುಕೊಂಡು ಹೋಗುತ್ತಾರೆ, ಅಲ್ಲಿ ಜ್ಯೂರಿಯವರೆಗೆ ತಲುಪುವುದೇ ಕಷ್ಟ.

ಕೂರಿಸಿದವರು ಹತ್ತಿರದ ಮೆಟುಚೆನ್ ಊರಿನಲ್ಲಿ ಇದೇ ಕೆಲಸ ಮಾಡುವ, ನಮ್ಮ ಕನ್ನಡದವರೇ ಆದ ಅಂಕಲ್. ನಮ್ಮ ಗೃಹಪ್ರವೇಶದಲ್ಲಿ ಪಂಚೆ ಎತ್ತಿಕಟ್ಟಿ ಬಡಿಸಿದವರು. ಸೂತಕದ ಅಷ್ಟೂ ದಿನ ಅವರ ಹೆಂಡತಿಯೇ ಅನ್ನ ಸಾರು ತಂದರು. "ನಮ್ಮೋರ ಮೇಲೆ ಕೇಸ್ ಹಾಕೋಕಾಗಲ್ಲ" ಅಂದುಬಿಟ್ಟೆ. ಹಾಳು ದಾಕ್ಷಿಣ್ಯ.

ಬರೀ ಕಂಪನಿಯ ಮೇಲೆ ಕೇಸು ಹಾಕಿದೆವು. ತಿಂಗಳೊಳಗೆ ಕಂಪನಿ ಅದನ್ನು ಫೆಡರಲ್ ಕೋರ್ಟಿಗೆ ಎತ್ತಿಕೊಂಡು ಹೋಯಿತು. ಎರಡೂ ಕೋರ್ಟು ಟ್ರೆಂಟನ್ ಪಟ್ಟಣದಲ್ಲೇ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇಷ್ಟು ಹತ್ತಿರ ತಾನೇ ಎಂದು ಪೆದ್ದಿಯ ಹಾಗೆ ಸಮಾಧಾನ ಮಾಡಿಕೊಂಡೆ. ಒಂದೂವರೆ ವರ್ಷದ ಮೇಲೆ ಜಡ್ಜ್ ಬರೀ ಕಾಗದಪತ್ರ ಓದಿ ಕೇಸು ವಜಾ ಮಾಡಿದರು. ಜ್ಯೂರಿ ಕೂರಲೇ ಇಲ್ಲ. ಕಂಪನಿ ಕೊಟ್ಟ ಸಾಕ್ಷಿಗಳಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟ ಒಂದು ಹೇಳಿಕೆಯಿತ್ತು. ಬೆಲ್ಟ್ ಹಾಕಿಕೊಳ್ಳಿ ಎಂದು ಎಷ್ಟು ಹೇಳಿದರೂ ನನ್ನ ಗಂಡ ಕೇಳುತ್ತಿರಲಿಲ್ಲ ಎಂದು ಬರೆದಿತ್ತು. ಕೆಳಗೆ ಅಂಕಲ್ ಸಹಿ.

ಸಹಿ ನೋಡಿ ಎಷ್ಟೋ ದಿನ ಊಟ ಸೇರಲಿಲ್ಲ. ಅವರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು.

ಹೋದ ವಾರ ಇಂಡಿಯನ್ ಅಂಗಡಿಯಲ್ಲಿ ಅಂಕಲ್ ಸಿಕ್ಕರು. "ಹೇಗಿದೀಯಮ್ಮಾ?" ಅಂದರು. ಬಯ್ಯಲು ಎಷ್ಟೊಂದಿತ್ತು! "ಚೆನ್ನಾಗಿದೀನಿ ಅಂಕಲ್, ಆಂಟಿ ಹೇಗಿದಾರೆ?" ಅಂದೆ. ಬೇಡ ಬೇಡ ಎಂದರೂ ಕೇಳದೆ ನನ್ನ ಅಕ್ಕಿ ಮೂಟೆಯನ್ನು ಅವರೇ ಎತ್ತಿ ಕಾರಿನ ಮುಂದಿನ ಸೀಟಿನಲ್ಲಿಟ್ಟರು.

ನಾನು ಬೆಲ್ಟ್ ಎಳೆದು ಮೂಟೆಗೆ ಹಾಕಿದೆ.

"ನಮ್ಮನೆಯವರು ಅಕ್ಕಿಗೂ ಬೆಲ್ಟ್ ಹಾಕ್ತಿದ್ರು, ಅಂಕಲ್."

ಜ್ಯೂರಿಯ ಮುಂದೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದೊಂದೇ. ಅಂಕಲ್ ಖಾಲಿ ಕಾರ್ಟ್ ತಳ್ಳಿಕೊಂಡು ಹೊರಟುಹೋದರು.