ಕೆಡದ ಗಾಡಿ

ವಳಸಂಗದಲ್ಲಿ ನಮ್ಮ ಅಕ್ಕಲಕೋಟ ಬಸ್ಸು ಪಂಕ್ಚರ್ ಆಗಿ ನಿಂತಿತು. ಚಹಾದಂಗಡಿ ಮುಂದೆ ನಾಗಣಸೂರಿನ ಡ್ರೈವರ್ ಒಬ್ಬ ತನ್ನ ಜಪಾನಿ ಟ್ರಕ್ಕಿನ ಬಾನೆಟ್ಟಿಗೆ ಬೀರೋಬಾನ ಗುಡಿಯಿಂದ ತಂದ ಭಂಡಾರದ ಅರಿಸಿನ ಹಚ್ಚುತ್ತಿದ್ದ. ಮೈಲೇಜ್ ಎಷ್ಟು ಎಂದು ಕೇಳಿದೆ. ಡ್ರೈವರುಗಳ ಹತ್ತಿರ ನನಗೆ ಬೇರೆ ಮಾತು ತೋಚುವುದಿಲ್ಲ.

“ಮೊದಲಿನ ಅಮೆರಿಕಾದ ಗಾಡಿಗಿ ಬೇಕಾಗತಿದ್ದ ಡೀಸೆಲ್‌ನ ಅರ್ಧದಾಗ ಓಡತೈತ್ರಿ. ಮೂರು ವರ್ಷದಾಗ ಒಮ್ಮಿನೂ ಕೆಟ್ಟಿಲ್ಲ.”

“ಛಲೋ ಆತಲ್ರಿ.”

“ಮಾಲಕಗ ಛಲೋ ಆತ್ರಿ. ಅಮೆರಿಕಾದ್ದು ತಿಂಗಳಿಗಿ ಎರಡು ಸಲ ಗ್ಯಾರೇಜಿಗಿ ಹೋಗತಿತ್ತು, ನಾ ಮನಿಗಿ ಹೋಗತಿದ್ದೆ. ಈಗ ಮಗಳು ನನ್ನನ್ನ ಫೋನಿನ್ಯಾಗ ಅಷ್ಟ ನೋಡತಾಳ.”

ಅವನ ಅಂಗೈ ಪೂರ್ತಿ ಹಳದಿಯಾಗಿತ್ತು. ಗಾಡಿ ಹಿಂಗ ಓಡಲಿ ಅಂತ ಬೇಡಿಕೊಂಡ್ರೇನು ಎಂದೆ.

“ಅದನ್ನ ಮಾಲಕ ಬೇಡಿಕೋತಾನ್ರಿ,” ಎಂದು ಕೈ ಒರೆಸಿಕೊಂಡ. “ನಾ ಒಮ್ಮಿ ಕೆಡಲಿ ಅಂತ ಹಚ್ಚತೀನಿ.”